ಅಟ್ಟದ ಕಾಯಿಗಳು ಅಲುಗಿದ ರಾತ್ರಿ

ತಿಪಟೂರು ಸೀಮೆಯ ಹೆಣ್ಣುಮಕ್ಕಳಿಗೆ ಕೊಬ್ಬರಿಯ ಪಕ್ವವನ್ನು ತಿಳಿಯಲು ಯಾವ ಉಪಕರಣವೂ ಬೇಡ. ಅಟ್ಟದಿಂದ ಒಂದು ಕಾಯಿಯನ್ನು ಕೈಗೆತ್ತಿಕೊಂಡು ಒಮ್ಮೆ ಅಲುಗಿಸಿದರೆ ಸಾಕು. ಒಳಗೆ ನೀರು ಕುಲುಕಿದರೆ ಇನ್ನೂ ಕಾಯಬೇಕು. ನೀರಿಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗಿದ್ದರೆ, ಆ ಉಂಡೆ ಚಿಪ್ಪಿಗೆ ತಟ್ಟುವುದು ಕಿವಿಗಿಂತ ಮೊದಲು ಅಂಗೈಗೆ ತಿಳಿಯುತ್ತದೆ. ಕಾಯಿ ಉಂಡೆ ಕೊಬ್ಬರಿಯಾಗಲು ಎಂಟರಿಂದ ಹನ್ನೆರಡು ತಿಂಗಳು ಹಿಡಿಯುವುದುಂಟು. ಅಷ್ಟು ಕಾಲವೂ ಅದು ಅಟ್ಟದಲ್ಲಿ ತಪಸ್ವಿಯಂತೆ ಕುಳಿತಿರಬೇಕು.

ಅಂತಹ ಕಾಯಿಗಳು, ಕಳೆದ ಮಾಘಮಾಸದಲ್ಲಿ ನಾವು ಹೊನ್ನವಳ್ಳಿಯ ಪರಿಚಿತರೊಬ್ಬರ ಮನೆಯಲ್ಲಿ ತಂಗಿದ್ದ ರಾತ್ರಿ, ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಬಂದ ಹೊತ್ತಿಗೆ, ತಮ್ಮಷ್ಟಕ್ಕೆ ತಾವೇ ಗಡಗಡಿಸತೊಡಗಿದವು. ಸೂರಿನಿಂದ ಧೂಳು ಉದುರಿತು. ನಾವು ಭೂಮಿ ನಡುಗಿತೆಂದೇ ಬಗೆದು ಎದ್ದು ನಿಂತೆವು. ಮನೆಯ ಅಜ್ಜಿಯವರು ಮಾತ್ರ ಕುಳಿತಲ್ಲಿಂದ ಕದಲಲಿಲ್ಲ. “ಭೂಕಂಪ ಅಲ್ಲ ಅಯ್ನೋರೇ, ನಮ್ಮ ಹುಡುಗ ಕಾರು ಓಡಿಸ್ತಾ ಅವ್ನೆ” ಎಂದರು. ಕಾರು ಓಡುತ್ತಿದ್ದುದು ಮಹಡಿಯ ಮೇಲೆ!

ಅಜ್ಜಿಯವರ ಮೊಮ್ಮಗನು ಬೆಂಗಳೂರಿನ ಕಂಪನಿಯೊಂದಕ್ಕೆ ಊರಿನಿಂದಲೇ ಕೆಲಸ ಮಾಡುವ ಇಂಜಿನಿಯರು. ಹಗಲು ಕಂಪ್ಯೂಟರಿನ ಮುಂದೆ ದುಡಿಮೆ, ಸಂಜೆ ಅದೇ ಕಂಪ್ಯೂಟರಿನಲ್ಲಿ ಕಾರಿನ ಓಟ. ಇದು ಬರಿಯ ಬೆರಳಾಟವಲ್ಲ. ನಿಜವಾದ ಸ್ಟಿಯರಿಂಗು, ಮೂರು ಪೆಡಲು, ಗೇರು, ಎದುರಿಗೆ ಅಗಲವಾದ ಪರದೆ, ಗುಜರಿ ಅಂಗಡಿಯಿಂದ ತಂದ ಹಳೆಯ ಕಾರಿನ ಸೀಟು, ಅದನ್ನೆಲ್ಲ ಹೊತ್ತು ನಿಲ್ಲಲು ತಿಪಟೂರಿನಲ್ಲಿ ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಚೌಕಟ್ಟು. ಇಷ್ಟರ ಒಟ್ಟು ಹೆಸರು ಸಿಮ್ಯುಲೇಟರು. ಅದು ಬಂದು ವರ್ಷವಾಗಿತ್ತು; ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಆರಂಭವಾದದ್ದು ಅವನು ಸೀಟಿನ ಕೆಳಗೆ ಕಂಪನದ ಯಂತ್ರಗಳನ್ನೂ ಅವುಗಳಿಗೆ ಆಂಪ್ಲಿಫಯರುಗಳನ್ನೂ ಜೋಡಿಸಿದ ಮೇಲೆ.

ಆ ರಾತ್ರಿ ಮನೆಯವರು ತಮ್ಮ ವ್ಯಾಜ್ಯವನ್ನು ನಮ್ಮ ಮುಂದಿಟ್ಟರು. ಮಠದಲ್ಲಿ ನಾಲ್ಕಕ್ಷರ ಕಲಿತವರು ಎಲ್ಲಿ ಹೋದರೂ ಪಂಚಾಯ್ತಿ ತಪ್ಪದು. ಅಜ್ಜಿಯವರದು ಒಂದೇ ಮಾತು: ಅಟ್ಟದಲ್ಲಿ ವರ್ಷದ ದುಡಿಮೆ ಇದೆ, ತೊಲೆ ನಡುಗಿಸುವ ಯಂತ್ರ ಮನೆಯಲ್ಲಿರಕೂಡದು. ಹುಡುಗನದೂ ಒಂದೇ ಮಾತು: ಯಂತ್ರ ಹೋದರೆ ತಾನೂ ಬೆಂಗಳೂರಿಗೆ ಹೋಗುವೆನು. ನಡುವೆ ಇದ್ದವರು ಅಜ್ಜಿಯವರ ಪತಿ, ಆ ಮನೆಯ ಯಜಮಾನರು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಲಾರಿ ಓಡಿಸಿದವರು. ತೆಂಗಿನಕಾಯಿ ಹೇರಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೂ, ಕೊಬ್ಬರಿ ಹೇರಿಕೊಂಡು ದೂರದ ದೆಹಲಿಗೂ ಹೋಗಿ ಬಂದವರು. ಈಗ ಕಿವಿ ಬಹುಮಟ್ಟಿಗೆ ಹೋಗಿದೆ. ಎರಡು ವರ್ಷಗಳ ಹಿಂದೆ ಮಗನು ಜೀಪಿನ ಬೀಗದ ಕೈಯನ್ನು ತೆಗೆದಿಟ್ಟುಕೊಂಡ ದಿನದಿಂದ ಜಗಲಿಯೇ ಅವರ ಲೋಕ. ಅವರು ಯಾರ ಪಕ್ಷವನ್ನೂ ವಹಿಸಲಿಲ್ಲ. ಅವರಿಗೆ ಕಾಯಿಗಳ ಸದ್ದೇ ಕೇಳಿಸಿರಲಿಲ್ಲ.

ನಾವು ಮೂರು ದಿನ ಇರುವವರಿದ್ದೆವು. ಅಷ್ಟರೊಳಗೆ ಕಾಯಿ ಅಲುಗದಂತೆ ಮಾಡಿದರೆ ಯಂತ್ರ ಉಳಿಯಲಿ, ಆಗದಿದ್ದರೆ ಬಿಚ್ಚಿಡಲಿ ಎಂದು ತೀರ್ಪಿತ್ತೆವು. ತೀರ್ಪು ಕೊಟ್ಟವರಿಗೆ ವಿಷಯ ತಿಳಿದಿರಬೇಕಾದ ನ್ಯಾಯವಿದೆಯಾದ್ದರಿಂದ, ಮರುದಿನ ಬೆಳಗ್ಗೆ ಮಹಡಿ ಹತ್ತಿ ಆ ಹುಡುಗನ ಮುಂದೆ ವಿದ್ಯಾರ್ಥಿಯಾಗಿ ಕುಳಿತೆವು. ಅಲ್ಲಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ. ಇಂತಹ ಯಂತ್ರ ಈಗ ನಮ್ಮ ಅನೇಕ ಮನೆಗಳ ಹೊಸ್ತಿಲು ದಾಟುತ್ತಿದೆ. ಹಿರಿಯರಿಗೂ ಅದರ ಅರಿವಿರುವುದು ಒಳ್ಳೆಯದು.

ಸಿಮ್ಯುಲೇಟರನ್ನು ಮಕ್ಕಳಾಟವೆಂದು ತಳ್ಳಿಹಾಕುವ ಕಾಲ ಮುಗಿದಿದೆ. 2011ರಲ್ಲಿ ಜಾನ್ ಮಾರ್ಡನ್‌ಬರೋ ಎಂಬ ಬ್ರಿಟಿಷ್ ತರುಣನು ವಿಡಿಯೋ ಆಟದ ಸ್ಪರ್ಧೆಯೊಂದನ್ನು ಗೆದ್ದು ನಿಜವಾದ ಕಾರಿನಲ್ಲಿ ಕೂರುವ ಅವಕಾಶ ಪಡೆದನು; 2013ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ಓಟದಲ್ಲಿ ತನ್ನ ವಿಭಾಗದ ಮೂರನೆಯ ಸ್ಥಾನವನ್ನು ಪಡೆದ ತಂಡದಲ್ಲಿದ್ದನು. 2020ರಲ್ಲಿ ಕೊರೋನಾದಿಂದ ಓಟಗಳೆಲ್ಲ ನಿಂತಾಗ ಫಾರ್ಮುಲಾ ಒನ್ ಚಾಲಕರೇ ತಮ್ಮ ತಮ್ಮ ಮನೆಗಳಲ್ಲಿ ಕುಳಿತು ಪರದೆಯ ಮೇಲೆ ಸ್ಪರ್ಧಿಸಿದರು. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟು ಓಟವೊಂದನ್ನು ಗೆದ್ದ ಸುದ್ದಿಯಿಂದ ಈ ಹುಡುಗನಿಗೆ ಹುಚ್ಚು ಇಮ್ಮಡಿಸಿತಂತೆ. ಆದರೆ ಕಾರು ಓಡಿಸುವ ಪಥವೆಲ್ಲಿ? ಮದರಾಸಿನ ಸಮೀಪದ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಬಳಿಯ ಕರಿ ಓಟಪಥ – ಎರಡೂ ಹೊನ್ನವಳ್ಳಿಯಿಂದ ಹಗಲಿಡೀ ಪ್ರಯಾಣದ ದೂರ. ತೆಂಗಿನ ತೋಟದ ನಡುವೆ ಹುಟ್ಟಿದವನಿಗೆ ಮಹಡಿಯೇ ಪಥ.

ಇನ್ನು ಕಂಪನದ ಪ್ರಯೋಜನವೇನು? ಯಜಮಾನರನ್ನು ಕೇಳಿದರೆ ಅವರು ಒಂದೇ ವಾಕ್ಯದಲ್ಲಿ ಹೇಳುತ್ತಾರೆ: “ಮುಂದಿನ ಟೈರು ಕೈಗೆ ಹೇಳ್ತದೆ, ಹಿಂದಿನ ಟೈರು ಕೂತ ಜಾಗಕ್ಕೆ ಹೇಳ್ತದೆ.” ಸಿಮ್ಯುಲೇಟರಿನ ಸ್ಟಿಯರಿಂಗಿನೊಳಗೆ ಮೋಟಾರು ಇರುತ್ತದೆ, ಮುಂದಿನ ಗಾಲಿಗಳ ಎಳೆತವನ್ನು ಅದು ಕೈಗೆ ಮುಟ್ಟಿಸುತ್ತದೆ. ಆದರೆ ನೆಲಕ್ಕೆ ಬಿಗಿದ ಸೀಟು ಮೂಕ. ಹಿಂದಿನ ಗಾಲಿ ಜಾರುತ್ತಿರುವುದು, ಬ್ರೇಕು ಬಿಗಿದು ಗಾಲಿ ನಿಂತೇಹೋಗಿರುವುದು, ಇವು ಪರದೆಯಲ್ಲಿ ಕಣ್ಣಿಗೆ ಕಾಣುವ ಹೊತ್ತಿಗೆ ಕಾರು ಹಳ್ಳಕ್ಕಿಳಿದಿರುತ್ತದೆ. ಆ ಮೂಕ ಸೀಟಿಗೆ ಮಾತು ಕೊಡುವುದೇ ಕಂಪನಯಂತ್ರದ ಕೆಲಸ.

ಆ ಯಂತ್ರಕ್ಕೆ ಬಾಸ್ ಶೇಕರ್ ಎಂದು ಹೆಸರು. ಅದು ಒಂದು ಬಗೆಯ ಸ್ಪೀಕರೇ, ಆದರೆ ಗಾಳಿಯನ್ನು ತಳ್ಳುವ ಕಾಗದದ ಶಂಕು ಅದರಲ್ಲಿಲ್ಲ. ಸುರುಳಿ ತಂತಿಯಲ್ಲಿ ವಿದ್ಯುತ್ತು ಹರಿದಾಗ ಒಳಗಿನ ಭಾರವಾದ ಅಯಸ್ಕಾಂತ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಆ ತೂಗಾಟ ಅದನ್ನು ಬಿಗಿದಿರುವ ಹಲಗೆಗೆ ದಾಟುತ್ತದೆ. ಜಾತ್ರೆಯಲ್ಲಿ ನಗಾರಿಯ ಪಕ್ಕ ನಿಂತವರಿಗೆ ಎದೆಗೂಡಿನಲ್ಲಿ ಆಗುವ ಅನುಭವವೇ ಇದು, ನಡುವೆ ಗಾಳಿ ಇಲ್ಲ ಅಷ್ಟೆ. 1974ರಲ್ಲಿ ಹಾಲಿವುಡ್ಡಿನ ‘ಅರ್ಥ್‌ಕ್ವೇಕ್’ ಚಿತ್ರವನ್ನು ತೋರಿಸುವಾಗ ಚಿತ್ರಮಂದಿರಗಳಲ್ಲಿ ಭಾರೀ ಧ್ವನಿವರ್ಧಕಗಳನ್ನಿಟ್ಟು ಪ್ರೇಕ್ಷಕರ ಕುರ್ಚಿಗಳನ್ನು ನಡುಗಿಸಿದ್ದರು. ಅದರ ಮರಿಮಕ್ಕಳು ಈಗ ಮನೆಗಳ ಸೀಟಿನಡಿ ಬಂದು ಕುಳಿತಿವೆ. ಅಮೆರಿಕದ ಬಟ್‌ಕಿಕರ್ ಎಂಬುದು ಇವುಗಳಲ್ಲಿ ಹೆಸರಾಂತದ್ದು. ಆ ಹೆಸರನ್ನು ಕನ್ನಡಿಸುವ ಸಾಹಸವನ್ನು ಮನೆಮಂದಿಯೆಲ್ಲ ಓದುವ ಈ ಪತ್ರಿಕೆಯಲ್ಲಿ ನಾವು ಮಾಡುವುದಿಲ್ಲ. ನಮ್ಮ ಹುಡುಗ ತರಿಸಿದ್ದು ಡೇಟನ್ ಆಡಿಯೋ ಸಂಸ್ಥೆಯ ಬಿಎಸ್‌ಟಿ-1. ಒಂದೊಂದೂ 4 ಓಮ್, 50 ವಾಟ್. ಇಂತಹವು ನಾಲ್ಕು: ಬ್ರೇಕಿನ ಹಲಗೆಯಡಿ ಒಂದು, ಸೀಟಿನಡಿ ಎಡಕ್ಕೂ ಬಲಕ್ಕೂ ಒಂದೊಂದು, ಬೆನ್ನಿಗೆ ಒಂದು.

ಶೇಕರಿಗೆ ಸುದ್ದಿ ಎಲ್ಲಿಂದ ಬರುತ್ತದೆ? ಆಟದ ಧ್ವನಿಯನ್ನೇ ಅದಕ್ಕೆ ಕೊಟ್ಟುಬಿಟ್ಟರೆ ಇಂಜಿನ್ನಿನ ಆರ್ಭಟವೂ ಹಿನ್ನೆಲೆಯ ಸಂಗೀತವೂ ಒಂದಾಗಿ ಬೆನ್ನಿಗೆ ಗುದ್ದುತ್ತವೆ. ಹೆಚ್ಚು ಶುದ್ಧವಾದ ದಾರಿ ಬೇರೆಯಿದೆ. ಪ್ರತಿಯೊಂದು ಗಾಲಿಯೂ ಎಷ್ಟು ತಿರುಗುತ್ತಿದೆ, ಎಷ್ಟು ಜಾರುತ್ತಿದೆ, ಸ್ಪ್ರಿಂಗು ಎಷ್ಟು ಕುಗ್ಗಿದೆ ಎಂಬ ಲೆಕ್ಕವನ್ನು ಆಟವು ಸೆಕೆಂಡಿಗೆ ಹತ್ತಾರು ಬಾರಿ ಹೊರಗೆ ಕೊಡುತ್ತಿರುತ್ತದೆ. ಸಿಮ್‌ಹಬ್ ಎಂಬ ತಂತ್ರಾಂಶವು ಆ ಅಂಕೆಗಳನ್ನು ಓದಿ, ಒಂದೊಂದು ಸಂಗತಿಗೂ ಒಂದೊಂದು ಕಂಪನವನ್ನು ಹೊಸದಾಗಿ ರಚಿಸಿ ಧ್ವನಿಯ ಕಾರ್ಡಿಗೆ ಕಳುಹಿಸುತ್ತದೆ. ಎಂಟು ದಾರಿಗಳಿರುವ 7.1 ಕಾರ್ಡನ್ನು ಯುಎಸ್‌ಬಿಗೆ ಚುಚ್ಚಿದರೆ ಅದರಲ್ಲಿ ನಾಲ್ಕು ದಾರಿಗಳು ನಾಲ್ಕು ಶೇಕರಿಗೆ ಮೀಸಲಾಗುತ್ತವೆ. ಕಾರ್ಡಿನಿಂದ ಹೊರಡುವ ವಿದ್ಯುತ್ತು ಇರುವೆಯ ಬಲದ್ದು. ಅದನ್ನು ಎತ್ತಿನ ಬಲಕ್ಕೆ ಏರಿಸುವುದು ಆಂಪ್ಲಿಫಯರು, ಹುಡುಗರ ಬಾಯಲ್ಲಿ ಆಂಪ್ಲಿ.

ಎಲ್ಲ ಅನರ್ಥವೂ ಆದದ್ದು ಈ ಆಂಪ್ಲಿಯಲ್ಲಿಯೇ. ಹುಡುಗನು ಮೊದಲು ಒಂದೇ ಆಂಪ್ಲಿ ತಂದು ನಾಲ್ಕು ಶೇಕರನ್ನೂ ಅದಕ್ಕೇ ಕಟ್ಟಿದ್ದನು. ಅದರಲ್ಲಿ ಎಡ-ಬಲ ಎಂದು ಎರಡೇ ದಾರಿ. ಒಂದೊಂದು ದಾರಿಗೂ ಎರಡೆರಡು ಶೇಕರನ್ನು ಪಕ್ಕಪಕ್ಕದಲ್ಲಿ ಸೇರಿಸಿದನು. 4 ಓಮಿನ ಎರಡನ್ನು ಹೀಗೆ ಸೇರಿಸಿದರೆ 2 ಓಮ್ ಆಗುತ್ತದೆ. ಒಂದರ ಹಿಂದೆ ಒಂದನ್ನು ಸೇರಿಸಿದರೆ 8 ಓಮ್. ಓಮ್ ಇಳಿದಷ್ಟೂ ಆಂಪ್ಲಿಯಿಂದ ವಿದ್ಯುತ್ತು ಸುರಿದುಹೋಗುತ್ತದೆ. ತಡೆಯಿಲ್ಲದ ತೂಬಿನ ಕೆರೆಯಂತೆ. 4 ಓಮಿಗೆಂದು ಮಾಡಿದ ಆ ಬಡಪಾಯಿ ಆಂಪ್ಲಿ ಎರಡನೆಯ ಸಂಜೆಯೇ ಬಿಸಿಯಾಗಿ, ಸುಟ್ಟ ವಾಸನೆ ಬಿಟ್ಟು ಮುಗಿಯಿತು. ತಯಾರಿಸಿದವರ ತಪ್ಪಲ್ಲ, ಕಟ್ಟಿದವನ ತಪ್ಪು. ಇದನ್ನು ಅವನೇ ಒಪ್ಪಿಕೊಂಡನು.

ಆಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಎರಡು ಪುಟ್ಟ ಆಂಪ್ಲಿಗಳನ್ನು ತಂದನು. ಅವುಗಳ ಹೃದಯದಲ್ಲಿರುವುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಟಿಪಿಎ3116 ಎಂಬ ಚಿಪ್ಪು. 21 ವೋಲ್ಟ್ ಕೊಟ್ಟರೆ 4 ಓಮಿನ ಎರಡು ಶೇಕರುಗಳಿಗೆ ತಲಾ 50 ವಾಟ್ ಕೊಡಬಲ್ಲದು. ಶೇಕರಿಗೂ ಆಂಪ್ಲಿಗೂ ಜಾತಕ ಕೂಡಿಬಂದಂತಾಯಿತು. ಆದರೆ ಹುಡುಗನು ಮನೆಯಲ್ಲಿ ಬಿದ್ದಿದ್ದ 12 ವೋಲ್ಟಿನ ಅಡಾಪ್ಟರನ್ನೇ ಅದಕ್ಕೆ ಸಿಕ್ಕಿಸಿದ್ದನು. ಲೆಕ್ಕ ಸರಳ: 12ನ್ನು 12ರಿಂದ ಗುಣಿಸಿ, ಓಮಿನ ಇಮ್ಮಡಿಯಾದ 8ರಿಂದ ಭಾಗಿಸಿದರೆ 18. ಅಂದರೆ ಅಲೆ ಕೆಡದಂತೆ 18 ವಾಟಿಗಿಂತ ಹೆಚ್ಚು ಅದರಿಂದ ಬರಲಾರದು. ಸಾಲದೆಂದು ಅವನು ತಿರುಗುಗುಂಡಿಯನ್ನು ಕೊನೆಯವರೆಗೆ ತಿರುಗಿಸಿದನು. ಆಗ ಆಂಪ್ಲಿ ಹೆಚ್ಚು ಬಲವನ್ನೇನೂ ಕೊಡುವುದಿಲ್ಲ. ಅಲೆಯ ತಲೆಯನ್ನು ಕತ್ತರಿಸಿ ಕೊಡುತ್ತದೆ. ದುಂಡಾಗಿರಬೇಕಾದ ಅಲೆ ಚಪ್ಪಟೆಯಾಗಿ ಕರ್ಕಶವಾಗುತ್ತದೆ, ಶೇಕರಿನ ಸುರುಳಿಯೂ ಕಾಯುತ್ತದೆ. ನಾವು ಮೊದಲ ರಾತ್ರಿ ಕೇಳಿದ ಗರಗರ ಸದ್ದಿನಲ್ಲಿ ಅರ್ಧ ಪಾಲು ಇದರದೇ. ಚಿಪ್ಪಿನ ಮಿತಿ 26 ವೋಲ್ಟ್. 24 ವೋಲ್ಟಿನ ಅಡಾಪ್ಟರು ತಂದು ಹಾಕಿ, ಗುಂಡಿಯನ್ನು ಅರ್ಧಕ್ಕೂ ಕೆಳಗಿಳಿಸಿದ ಮೇಲೆ ಸದ್ದು ಅಡಗಿ ಕಂಪನ ಮಾತ್ರ ಉಳಿಯಿತು. ಗುಂಡಿಯ ಕ್ರಮವೂ ಇದೆ: ಕಂಪ್ಯೂಟರಿನ ಧ್ವನಿಮಟ್ಟವನ್ನು ಮೇಲಿಟ್ಟು, ಆಂಪ್ಲಿಯನ್ನು ಸೊನ್ನೆಯಿಂದ ಆರಂಭಿಸಿ ಮೆಲ್ಲನೆ ಏರಿಸುತ್ತ ಬೇಕಾದಷ್ಟಕ್ಕೆ ನಿಲ್ಲಿಸಬೇಕು. ಹಾಗೆಯೇ ಆಂಪ್ಲಿಯನ್ನು ಎಲ್ಲಕ್ಕೂ ಕೊನೆಯಲ್ಲಿ ಹಚ್ಚಿ, ಎಲ್ಲಕ್ಕೂ ಮೊದಲು ಆರಿಸಬೇಕು. ಇಲ್ಲವಾದರೆ ಕಂಪ್ಯೂಟರು ಏಳುವಾಗ ಬೀಳುವಾಗ ಶೇಕರು ಡೊಂಕನೆ ಒದೆಯುತ್ತದೆ. ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಇದನ್ನು ಮರೆಯುವಂತಿಲ್ಲ.

ಆ ಮಧ್ಯಾಹ್ನ ಹುಡುಗನು ತಾತನನ್ನು ಮಹಡಿಗೆ ಕರೆತಂದು ಸೀಟಿನಲ್ಲಿ ಕೂರಿಸಿದನು. ತಾನು ಪಕ್ಕದಲ್ಲಿ ನಿಂತು ಇಟಲಿಯವರ ಅಸೆಟ್ಟೊ ಕೊರ್ಸಾ ಎಂಬ ಆಟದಲ್ಲಿ ಕಾರನ್ನು ಓಡಿಸಿ ತೋರಿಸಿದನು. ಯಜಮಾನರು ಒಂದು ನಿಮಿಷ ಕುಳಿತಿದ್ದು ಎದ್ದರು. “ಇದು ಗಾಡಿ ಅಲ್ಲ ಮಗ, ಹಿಟ್ಟಿನ ಗಿರಣಿ” ಎಂದರು.

ಆ ಮಾತು ಹುಡುಗನಿಗೆ ನೊಂದಿತು. ಆದರೆ ನಮ್ಮ ದೃಷ್ಟಿಯಲ್ಲಿ ಮೂರು ದಿನಗಳಲ್ಲಿ ಆ ಮನೆಯಲ್ಲಿ ಆಡಿದ ಅತ್ಯಂತ ಪ್ರಯೋಜಕ ಮಾತು ಅದೇ. ಹುಡುಗನು ಸಿಮ್‌ಹಬ್ಬಿನಲ್ಲಿ ಇದ್ದಬದ್ದ ಪರಿಣಾಮಗಳನ್ನೆಲ್ಲ ಹಚ್ಚಿದ್ದನು: ಇಂಜಿನ್ನು, ಗೇರು, ರಸ್ತೆಯ ಒರಟು, ಗುಂಡಿ, ಗಾಲಿಯ ಜಾರು, ಬ್ರೇಕಿನ ಬಿಗಿತ, ವೇಗ. ಎಲ್ಲವೂ ನಾಲ್ಕು ಶೇಕರಿಗೂ ಹೋಗುತ್ತಿದ್ದವು. ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರೆ ಬೆಲೆ ಯಾರು ಹೇಳಿದರೆಂದು ತಿಳಿಯದು. ಒಂದೇ ಸಮನೆ ನಡೆಯುವ ಕಂಪನಕ್ಕೆ ಚರ್ಮ ಬೇಗ ಒಗ್ಗಿ ಮರಗಟ್ಟಿಬಿಡುತ್ತದೆ. ಸೂಕ್ಷ್ಮ ಕಂಪನವನ್ನು ಅರಿಯುವ ಪಾಚೀನಿ ಕಣಗಳು, ಇಟಲಿಯ ವೈದ್ಯ ಪಾಚೀನಿಯ ಹೆಸರಿನವು, ಸುಮಾರು 250 ಹರ್ಟ್ಸ್ ಅಂದರೆ ಸೆಕೆಂಡಿಗೆ 250 ಅಲೆಗಳ ಸುಮಾರಿನಲ್ಲಿ ಅತ್ಯಂತ ಚುರುಕು. ಶೇಕರು ಚೆನ್ನಾಗಿ ದುಡಿಯುವುದು 20ರಿಂದ 80ರೊಳಗೆ. ಅಷ್ಟು ಕಿರಿದಾದ ಅಂಗಳದಲ್ಲಿ ಏಳು ಜನರನ್ನು ಕುಣಿಸಲಾಗದು.

ಆದ್ದರಿಂದ ಎಲ್ಲವನ್ನೂ ಆರಿಸಿ, ಒಂದೊಂದನ್ನೇ ಹಚ್ಚುತ್ತ ತಾತನನ್ನು ಕೇಳತೊಡಗಿದೆವು. ಬ್ರೇಕಿನ ಬಿಗಿತವನ್ನು ಪೆಡಲಿನಡಿಯ ಶೇಕರಿಗೆ ಮಾತ್ರ ಬಿಟ್ಟೆವು. ಕಾಲಿನ ತಪ್ಪನ್ನು ಕಾಲೇ ತಿಳಿಯಲಿ. ಹಿಂಗಾಲಿಗಳ ಜಾರನ್ನು ಸೀಟಿನಡಿಯ ಎರಡಕ್ಕೆ, ಎಡದ ಗಾಲಿ ಎಡಕ್ಕೆ, ಬಲದ ಗಾಲಿ ಬಲಕ್ಕೆ. ಗೇರು ಬದಲಾದಾಗ ಬೆನ್ನಿಗೆ ಒಂದು ಚಿಕ್ಕ ತಟ್ಟು. ರಸ್ತೆಯ ಗುಂಡಿಗೆ 30ರ ಸುಮಾರು, ಜಾರಿಗೆ 55ರ ಸುಮಾರು – ಒಂದರ ಮೇಲೊಂದು ಬಂದರೂ ಬೇರೆಬೇರೆಯೆಂದು ತಿಳಿಯುವಷ್ಟು ಅಂತರ. ಇಂಜಿನ್ನನ್ನು ಹುಡುಗನು ಪೂರ್ತಿ ತೆಗೆದುಹಾಕಿದನು. ನಾಲ್ಕು ಸಿಲಿಂಡರಿನ ಕಾರು ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ 200 ಬಾರಿ ಉರಿಯುತ್ತದೆ. ಅದು ಶೇಕರಿಗೆ ನಿಲುಕುವ ಮಾತಲ್ಲ. ಯಜಮಾನರು ಇದಕ್ಕೆ ಒಪ್ಪಲಿಲ್ಲ. ಇಂಜಿನ್ನಿಲ್ಲದ ಗಾಡಿ ಯಾವ ಗಾಡಿ ಎಂದು ಗೊಣಗಿದರು. ಆ ಗೊಣಗಾಟಕ್ಕೆ ಅರ್ಥವಿತ್ತೆಂದು ಮರುದಿನ ತಿಳಿಯಿತು.

ಇಷ್ಟಾದರೂ ಅಟ್ಟದ ಕಾಯಿಗಳು ಅಲುಗುವುದು ನಿಲ್ಲಲಿಲ್ಲ. ಕಡಿಮೆಯಾಯಿತು, ಅಷ್ಟೆ. ಹಳೆಯ ಮನೆ, ಮಹಡಿಯದು ಹಲಗೆಯ ನೆಲ. ಆ ಹಲಗೆಗಳನ್ನು ಹೊತ್ತ ತೊಲೆಗಳೇ ಮುಂದೆ ಹೋಗಿ ಕಾಯಿಯ ಅಟ್ಟವನ್ನೂ ಹೊತ್ತಿವೆ. ಹುಡುಗನು ಪರೀಕ್ಷೆಗೆಂದು 20 ಹರ್ಟ್ಸಿನಿಂದ 80ರವರೆಗೆ ಒಂದೇ ಸ್ವರವನ್ನು ಮೆಲ್ಲನೆ ಏರಿಸಿದನು. ನಾವು ಅಟ್ಟದ ಏಣಿಯ ಮೇಲೆ ನಿಂತು ಆಲಿಸಿದೆವು. 25ರಲ್ಲಿ ಸಣ್ಣಗೆ ಆರಂಭವಾಗಿ, 30ಕ್ಕೆ ಬಂದಾಗ ಕಾಯಿಗಳು ಭಜನೆಯೇ ಹೂಡಿದವು. 40 ದಾಟಿದ ಮೇಲೆ ಸುಮ್ಮನಾದವು. ಆ ತೊಲೆಗಳಿಗೆ ಸಹಜವಾದ ಕಂಪನ ಅಲ್ಲಿದೆ ಎಂದಾಯಿತು. ಗುಂಡಿಗೆಂದು ಇಟ್ಟ 30 ಅದಕ್ಕೇ ಸರಿಯಾಗಿ ಕೂಡುತ್ತಿತ್ತು. ಅದನ್ನು 42ಕ್ಕೆ ಸರಿಸಿದೆವು. ಚೌಕಟ್ಟನ್ನು ಕೋಣೆಯ ನಡುವಿನಿಂದ ಎಳೆದು, ತೊಲೆಯ ತುದಿ ಗೋಡೆಯ ಮೇಲೆ ಕೂತಿರುವ ಕಡೆಗೆ ತಂದೆವು. ತೊಲೆ ನಡುವಿನಲ್ಲಿ ಬಳುಕುವಷ್ಟು ತುದಿಯಲ್ಲಿ ಬಳುಕುವುದಿಲ್ಲ.

ಉಳಿದದ್ದು ಚೌಕಟ್ಟಿಗೂ ನೆಲಕ್ಕೂ ನಡುವೆ ಮೆತ್ತೆ ಹಾಸುವ ಕೆಲಸ. ತೆಂಗಿನ ನಾಡಿನಲ್ಲಿ ನಾರಿಗೇನು ಬರ? ನಾರಿನ ಚಾಪೆಯನ್ನು ಎರಡು ಮಡಿಕೆ ಮಾಡಿ ಕಾಲುಗಳಡಿ ಹಾಕಿದೆವು. ಆಶ್ಚರ್ಯವೆಂದರೆ ಕಾಯಿಗಳು ಮೊದಲಿಗಿಂತ ಜೋರಾಗಿ ಅಲುಗಿದವು! ಹುಡುಗನು ತಲೆಯ ಮೇಲೆ ಕೈಹೊತ್ತು ಕುಳಿತನು. ಅಜ್ಜಿಯವರು ಕೆಳಗಿನಿಂದಲೇ ಕೂಗಿ ತಮ್ಮ ಅಭಿಪ್ರಾಯವನ್ನು ತಿಳಿಸಿದರು.

ಇದರ ಗುಟ್ಟು ಭೌತಶಾಸ್ತ್ರದ ಹಳೆಯ ಪಾಠದಲ್ಲಿದೆ. ಮೆತ್ತೆಯ ಮೇಲೆ ಕೂತ ಭಾರಕ್ಕೆ ತನ್ನದೇ ಆದ ಒಂದು ತೂಗು ಇರುತ್ತದೆ. ಬರುವ ಕಂಪನವು ಆ ತೂಗಿನ ಸುಮಾರು 1.4 ಪಟ್ಟಿಗಿಂತ ವೇಗವಾಗಿದ್ದರೆ ಮಾತ್ರ ಮೆತ್ತೆ ಅದನ್ನು ತಡೆಯುತ್ತದೆ. ಅದಕ್ಕಿಂತ ಕೆಳಗಿದ್ದರೆ ತಡೆಯುವ ಬದಲು ಹೆಚ್ಚಿಸುತ್ತದೆ. ತೂಗನ್ನು ತಿಳಿಯಲು ಅಳತೆಪಟ್ಟಿ ಸಾಕು: ಭಾರ ಕೂತಾಗ ಮೆತ್ತೆ ಎಷ್ಟು ಮಿಲಿಮೀಟರು ಕುಸಿಯಿತೆಂದು ನೋಡಿ, ಆ ಸಂಖ್ಯೆಯ ವರ್ಗಮೂಲದಿಂದ 15.8ನ್ನು ಭಾಗಿಸಬೇಕು. 1 ಮಿಲಿಮೀಟರು ಕುಸಿದರೆ ತೂಗು ಸುಮಾರು 16 ಹರ್ಟ್ಸ್. 4 ಮಿಲಿಮೀಟರು ಕುಸಿದರೆ ಸುಮಾರು 8. ತುಳಿದು ಗಟ್ಟಿಯಾದ ನಮ್ಮ ಚಾಪೆ ಕುಸಿದದ್ದು ಕಾಲು ಮಿಲಿಮೀಟರೂ ಇಲ್ಲ. ಅಂದರೆ ತೂಗು 30ರ ಮೇಲೆ. ತೊಲೆ ಯಾವ ಸ್ವರಕ್ಕೆ ಕಾದಿತ್ತೋ ಅದನ್ನೇ ನಾವು ಚಾಪೆಯಿಂದ ಮೀಟಿಕೊಟ್ಟಂತಾಗಿತ್ತು.

ಹಾಗಾದರೆ ಬೇಕಾದದ್ದು ಹೆಚ್ಚು ಕುಸಿಯುವ ಮೆತ್ತೆ. ಅಟ್ಟದ ಮೂಲೆಯಲ್ಲಿ ರಬ್ಬರು ಹಾಕಿದ ನಾರಿನ ಹಳೆಯ ಹಾಸಿಗೆಯೊಂದಿತ್ತು. ನಾರನ್ನು ಸುರುಳಿಯಾಗಿ ತಿರುಚಿ, ರಬ್ಬರಿನ ಹಾಲು ಸಿಂಪಡಿಸಿ ಒತ್ತಿ ಮಾಡುವ ಈ ಹಾಸಿಗೆಯನ್ನು ಮನೆಮನೆಗೆ ಮುಟ್ಟಿಸಿದ ಕರ್ಲಾನ್ ಸಂಸ್ಥೆ ನಮ್ಮ ಕರ್ನಾಟಕದ್ದೇ, 1962ರಲ್ಲಿ ಹುಟ್ಟಿದ್ದು. ತೆಂಗಿನ ನಾರಿನ ಉದ್ಯಮಕ್ಕೆಂದು ರಾಜ್ಯ ಸರ್ಕಾರವು 1985ರಲ್ಲಿ ಪ್ರತ್ಯೇಕ ನಿಗಮವನ್ನೇ ಸ್ಥಾಪಿಸಿತು. ಹಗ್ಗ, ಚಾಪೆ, ಹಾಸಿಗೆ ಆಗಿರುವ ನಾರು ಕಾರಿನ ಓಟಕ್ಕೂ ಒದಗೀತೆಂದು ಅಲ್ಲಿ ಯಾರು ಎಣಿಸಿದ್ದಾರು! ಹಾಸಿಗೆಯನ್ನು ಅಂಗೈಯಗಲದ ತುಂಡುಗಳಾಗಿ ಕೊಯ್ದು, ಚೌಕಟ್ಟಿನ ಕೆಳಗೆ ದಪ್ಪ ಪ್ಲೈವುಡ್ ಹಲಗೆಯನ್ನು ಕೊಟ್ಟು, ಅದರಡಿ ಮೂಲೆಗೊಂದರಂತೆ ಇಟ್ಟೆವು. ಮೊದಲು ಬಹಳ ಮೆತ್ತಗಾಯಿತು. ಬ್ರೇಕು ತುಳಿದರೆ ಇಡೀ ಗಾಡಿ ತೊಟ್ಟಿಲಿನಂತೆ ಓಲಾಡಿತು. ಮೂಲೆಗೆ ಎರಡೆರಡು ತುಂಡು ಪಕ್ಕಪಕ್ಕ ಇಟ್ಟಮೇಲೆ, ಹುಡುಗನು ಕೂತಾಗ 4 ಮಿಲಿಮೀಟರಿನಷ್ಟು ಕುಸಿದು ಗಟ್ಟಿಯಾಗಿ ನಿಂತಿತು. ಲೆಕ್ಕದಂತೆ 25 ಹರ್ಟ್ಸಿನ ಕಂಪನದಲ್ಲಿ ಒಂಬತ್ತರಲ್ಲೊಂದು ಪಾಲು ಮಾತ್ರ ನೆಲಕ್ಕೆ ಇಳಿಯಬೇಕು. ನಾರು ಕಬ್ಬಿಣದ ಸ್ಪ್ರಿಂಗಿನಷ್ಟು ಪ್ರಾಮಾಣಿಕವಲ್ಲವಾದ್ದರಿಂದ ನಿಜದಲ್ಲಿ ಇನ್ನಷ್ಟು ಇಳಿಯುತ್ತದೆ. ಸೀಟಿಗೂ ಚೌಕಟ್ಟಿಗೂ ನಡುವೆ, ಪೆಡಲಿನ ಹಲಗೆಗೂ ಚೌಕಟ್ಟಿಗೂ ನಡುವೆ ರಬ್ಬರಿನ ಬುಷ್‌ಗಳನ್ನೂ ಹಾಕಿದೆವು. ಅದರಿಂದ ಇನ್ನೊಂದು ಲಾಭವಾಯಿತು. ಸೀಟಿನ ಮಾತು ಸೀಟಿನಲ್ಲಿ, ಪೆಡಲಿನ ಮಾತು ಪೆಡಲಿನಲ್ಲಿ ಉಳಿದು, ಅರ್ಧ ಶಕ್ತಿಯಲ್ಲಿಯೇ ಮೊದಲಿಗಿಂತ ಸ್ಪಷ್ಟವಾಗಿ ತಿಳಿಯತೊಡಗಿತು.

ಮೂರನೆಯ ದಿನ ಹುಡುಗನಿಗೆ ಒಂದು ಯೋಚನೆ ಹೊಳೆಯಿತು. ಜೆಕ್ ದೇಶದ ಎಸ್‌ಸಿಎಸ್ ಸಾಫ್ಟ್‌ವೇರ್ ಎಂಬ ಸಂಸ್ಥೆ 2012ರಲ್ಲಿ ಹೊರತಂದ ಯೂರೋ ಟ್ರಕ್ ಸಿಮ್ಯುಲೇಟರ್ 2 ಎಂಬ ಆಟವಿದೆ. ಅದರಲ್ಲಿ ಓಡಿಸುವುದು ಲಾರಿಯನ್ನು. ಬ್ರಿಟನ್ನಿನ ರಸ್ತೆಗಳನ್ನು ಆರಿಸಿಕೊಂಡರೆ ನಮ್ಮಂತೆಯೇ ಎಡಬದಿಯ ಸಂಚಾರ, ಬಲಗಡೆಯ ಸ್ಟಿಯರಿಂಗು. ಆ ಆಟದ ಅಂಕೆಗಳನ್ನೂ ಸಿಮ್‌ಹಬ್ ಓದಬಲ್ಲದು. ಯಜಮಾನರ ಗೊಣಗಾಟವನ್ನು ನೆನೆದು ಇಂಜಿನ್ನನ್ನು ಮತ್ತೆ ಹಚ್ಚಿ, ಸೀಟಿನಡಿಯ ಎರಡು ಶೇಕರಿಗೆ ಮಾತ್ರ ಕೊಟ್ಟನು. ಲಾರಿಯ ಲೆಕ್ಕವೇ ಬೇರೆ. ಆರು ಸಿಲಿಂಡರಿನ ಡೀಸೆಲ್ ಇಂಜಿನ್ನು ನಿಂತಲ್ಲೇ 600 ಸುತ್ತು ತಿರುಗುವಾಗ ಸೆಕೆಂಡಿಗೆ 30 ಬಾರಿ ಉರಿಯುತ್ತದೆ. 1000ದಲ್ಲಿ 50, 1500ರಲ್ಲಿ 75. ಶೇಕರು ಬಾಯಿಬಿಟ್ಟು ಆಡಬಲ್ಲ ಮಾತೆಲ್ಲ ಇದೇ. 30 ಎಂದರೆ ಮತ್ತೆ ತೊಲೆಯ ಸ್ವರ. ಆದ್ದರಿಂದ ಅದರ ಬಲವನ್ನು ಬೇಕೆಂದೇ ತಗ್ಗಿಸಿದ್ದನು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಗರ್ಭಿಣಿಯರು, ಹೃದಯಕ್ಕೆ ಪೇಸ್‌ಮೇಕರು ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಇಂತಹ ಸೀಟಿನಲ್ಲಿ ಕೂರಬಾರದು. ಶೇಕರಿನೊಳಗೆ ಬಲವಾದ ಅಯಸ್ಕಾಂತವಿದೆ. ಯಜಮಾನರಿಗೆ ಲಾರಿ ಕೊಟ್ಟ ಬಳುವಳಿಯಾದ ಸೊಂಟನೋವಿತ್ತು. ಕುಳಿತ ದೇಹದ ಬೆನ್ನುಮೂಳೆಗೆ ಹೆಚ್ಚು ಅಪಾಯಕರವಾದದ್ದು 4ರಿಂದ 8 ಹರ್ಟ್ಸಿನ ಮೇಲೆಕೆಳಗಿನ ಕುಲುಕಾಟ. ಅಷ್ಟು ಕೆಳಗೆ ಈ ಶೇಕರುಗಳು ಏನೂ ಮಾಡಲಾರವು. ಆದರೂ ಅರ್ಧ ಗಂಟೆಗಿಂತ ಹೆಚ್ಚು ಬೇಡವೆಂದು ನಾವು ಕಟ್ಟುಮಾಡಿದೆವು.

ಯಜಮಾನರು ಕುಳಿತರು. ಹುಡುಗನು ಕೀಲಿಯ ಗುಂಡಿಯನ್ನು ಒತ್ತಿದನು. ಅವರ ಮುಖದಲ್ಲಿ ಏನಾಯಿತೆಂದು ವರ್ಣಿಸಲು ನಮಗೆ ಬಾರದು. ಎಡಗೈ ತಾನಾಗಿಯೇ ಗೇರಿನ ಮೇಲೆ ಹೋಗಿ, ಅದನ್ನು ಹಿಡಿಯದೆ ಸುಮ್ಮನೆ ಅದರ ಮೇಲೆ ಕೂತಿತು. ಲಾರಿ ಹೊರಟಿತು. ಹೇರಿನ ಗಾಡಿ, ಸ್ವಲ್ಪ ದೂರದಲ್ಲಿ ಏರು ಬಂತು. ಪರದೆಯ ಸದ್ದನ್ನು ಹುಡುಗನು ಬೇಕೆಂದೇ ಆರಿಸಿದ್ದನು. ಇದ್ದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಏರಿನಲ್ಲಿ ಇಂಜಿನ್ನು ಬಳಲಿ ಸುತ್ತು ಇಳಿಯತೊಡಗಿತು. ನಾವು ಸುತ್ತಿನ ಮುಳ್ಳನ್ನೇ ನೋಡುತ್ತಿದ್ದೆವು. ಅವರು ಅದರತ್ತ ಕಣ್ಣು ಹಾಯಿಸಲೂ ಇಲ್ಲ. ಕಂಪನ ನಿಧಾನವಾಗಿ ದಪ್ಪನಾಗುತ್ತಿದ್ದಂತೆ ಕ್ಲಚ್ಚು ತುಳಿದು ಒಂದು ಗೇರು ಇಳಿಸಿದರು. ಮುಳ್ಳು ಮೇಲೆದ್ದಿತು. ಇನ್ನಷ್ಟು ಏರಿದ ಮೇಲೆ ಮತ್ತೊಂದು ಗೇರು. ಹುಡುಗನು ಉಸಿರು ಬಿಗಿಹಿಡಿದು ನಿಂತಿದ್ದನು.

“ಲೋಡು ಜಾಸ್ತಿ ಹಾಕವ್ರೆ” ಎಂದರು ಯಜಮಾನರು, ಪರದೆಯಿಂದ ಕಣ್ಣು ತೆಗೆಯದೆ. ಸ್ವಲ್ಪ ಹೊತ್ತಿನ ಮೇಲೆ, “ಇದ್ರಲ್ಲಿ ಶಿರಾಡಿ ಇಲ್ವೇನೋ?” ಎಂದು ಮೊಮ್ಮಗನನ್ನು ಕೇಳಿದರು. ಇಲ್ಲವೆಂದು ಅವನು ತಲೆಯಾಡಿಸಿದನು. ಅರ್ಧ ಗಂಟೆಯ ಕಟ್ಟು ಮುರಿದದ್ದನ್ನು ನಾವು ಕಂಡೂ ಕಾಣದವರಂತಿದ್ದೆವು.

ಕೆಳಗೆ ಬಂದಾಗ ಅಜ್ಜಿಯವರು ನಡುಮನೆಯಲ್ಲಿರಲಿಲ್ಲ. ಏಣಿಯ ಮೇಲೆ ನಿಂತು, ಅಟ್ಟದ ತೊಲೆಗೆ ಒಂದು ಅಂಗೈಯನ್ನು ಊರಿಕೊಂಡಿದ್ದರು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ ತಿಳಿಯದು. ಮೇಲೆ ಲಾರಿ ಇನ್ನೂ ಓಡುತ್ತಿತ್ತು. “ಸಣ್ಣಗೆ ಬತ್ತದೆ ಅಯ್ನೋರೇ, ಬೆಕ್ಕು ಗುರುಗುಟ್ಟಿದ ಹಂಗೆ” ಎಂದರು. ಆಮೇಲೆ ಕೈಗೆಟುಕಿದ ಒಂದು ಕಾಯಿಯನ್ನು ತೆಗೆದು ಕಿವಿಯ ಬಳಿ ಹಿಡಿದು ಅಲುಗಿಸಿದರು. ಒಳಗೆ ನೀರಿನ್ನೂ ಇಂಗಿರಲಿಲ್ಲ. ಅದನ್ನು ಇದ್ದ ಜಾಗದಲ್ಲಿಯೇ ಮತ್ತೆ ಇಟ್ಟರು.